ಕುದುರೆಯ ಕತ್ತಿನ ನಾಳ: ಶಸ್ತ್ರಚಿಕಿತ್ಸೆ ಯಾವಾಗ?

ಹೊಟ್ಟೆಶೂಲೆಯಿಂದ ಬದುಕಿ ಬಂದ ಹೆಣ್ಣು ಕುದುರೆ ಅದು. ಐದು ದಿನ ಅದರ ಕತ್ತಿನ ಎಡಬದಿಯ ರಕ್ತನಾಳದಲ್ಲಿ ಕ್ಯಾತಿಟರ್, ಅಂದರೆ ಔಷಧ ಹರಿಸುವ ತೆಳು ಕೊಳವೆ, ಇತ್ತು. ಆರನೆಯ ದಿನ ಮೈ ಉಜ್ಜುತ್ತಿದ್ದ ಮಾಲೀಕರ ಬೆರಳಿಗೆ ಅಲ್ಲಿ ಹುರಿಹಗ್ಗದಂಥದ್ದೇನೋ ಸಿಕ್ಕಿತು. "ಡಾಕ್ಟರೇ, ಆಪರೇಷನ್ ಮಾಡಿ ತೆಗೆದುಬಿಡಿ. ಇವಳಿಗೆ ಇನ್ನೊಂದು ಸಂಕಟ ಬೇಡ" ಎಂದರು. ನಾಳದೊಳಗೆ ರಕ್ತ ಹೆಪ್ಪುಗಟ್ಟಿತ್ತು; ಅವರ ಕಳವಳ ಸಹಜವಾದದ್ದೇ. ಆದರೂ ನಾನು ಅಂದು ಒಪ್ಪಲಿಲ್ಲ.

ತಲೆಯಿಂದ ರಕ್ತವನ್ನು ಹೃದಯದತ್ತ ಇಳಿಸುವ ಈ ಜುಗುಲಾರ್ ಅಭಿಧಮನಿ ಕತ್ತಿನ ಎರಡೂ ಬದಿಗೆ ಒಂದೊಂದಿದೆ. ಒಂದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಇನ್ನೊಂದು ಆ ಹೊರೆ ಹೊರುತ್ತದೆ. ವಾರಗಳು ಕಳೆದಂತೆ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗುತ್ತವೆ; ಹೆಪ್ಪಿನ ನಡುವೆಯೇ ಮತ್ತೆ ದಾರಿ ತೆರೆದುಕೊಳ್ಳುವುದೂ ಉಂಟು. ಆದ್ದರಿಂದ ನಾಳ ಮುಚ್ಚಿದೆ ಎಂಬುದಷ್ಟೇ ಕತ್ತರಿಸಲು ಕಾರಣವಾಗದು. ನಾನು ಹುಡುಕುವುದು ಸೋಂಕನ್ನು. ಸೋಂಕಿತ ಹೆಪ್ಪಿನ ಚೂರುಗಳು ಕಳಚಿಕೊಂಡು ಶ್ವಾಸಕೋಶಕ್ಕೆ, ಹೃದಯದ ಕವಾಟಗಳಿಗೆ ಹೋಗಿ ಕೂತರೆ ಕತ್ತಿನ ಊತ ಚಿಕ್ಕ ಮಾತಾಗಿಬಿಡುತ್ತದೆ.

ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಮುಟ್ಟಿದರೆ ಕುದುರೆ ಕತ್ತು ಎಳೆದುಕೊಳ್ಳುತ್ತದೆಯೇ, ಸೂಜಿ ಚುಚ್ಚಿದ ಜಾಗ ಒಸರುತ್ತಿದೆಯೇ ಎಂದು ನೋಡುತ್ತೇನೆ. ಆದರೆ ನನಗೆ ಹೆಚ್ಚು ನಂಬಿಕೆ ಅಲ್ಟ್ರಾಸೌಂಡ್ ಮೇಲೆ. ಹೆಪ್ಪು ಒಂದೇ ಸಮನೆ ಬೂದಾಗಿದ್ದರೆ ಸಮಾಧಾನ. ಒಳಗೆ ಕಪ್ಪು ಪೊಳ್ಳು ಕಂಡರೆ ಕೀವಿನ ಅನುಮಾನ; ಅಲ್ಲಿಂದ ಸೂಜಿಯಲ್ಲಿ ದ್ರವ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ.

ಇಷ್ಟು ಹಿಂಜರಿಕೆ ಏಕೆಂದು ಮಾಲೀಕರು ಕೇಳುತ್ತಾರೆ. ಆ ನಾಳದ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿ ಇದೆ, ಗಂಟಲಪೆಟ್ಟಿಗೆಯನ್ನು ಆಡಿಸುವ ನರವೂ ಇದೆ. ಆ ನರಕ್ಕೆ ಏಟು ಬಿದ್ದರೆ ಕುದುರೆ ಓಡುವಾಗ ಉಸಿರು ಗೊರಗುಟ್ಟುತ್ತದೆ. ಓಟದ ಕುದುರೆಯಾದರೆ ಅದರ ಓಟವೇ ನಿಲ್ಲಬಹುದು. ಪೂರ್ಣ ಅರಿವಳಿಕೆಯಂತೂ ಕುದುರೆಗೆ ಹಗುರದ ಸಂಗತಿಯಲ್ಲ: ಹೊಟ್ಟೆಶೂಲೆಯಂಥ ತುರ್ತು ಪ್ರಕರಣಗಳನ್ನು ಬಿಟ್ಟರೂ ಸುಮಾರು ನೂರರಲ್ಲಿ ಒಂದು ಕುದುರೆ ಅದರಿಂದ ಸಾಯುತ್ತದೆ. ಹಾಗಾಗಿ ಔಷಧಕ್ಕೆ ಬಗ್ಗದ ಕೀವಿದ್ದರೆ ಮಾತ್ರ ಕೈ ಹಾಕುತ್ತೇನೆ. ಆಗಲೂ ಮೊದಲ ಆಯ್ಕೆ ಕುದುರೆಯನ್ನು ಮಂಪರಿನಲ್ಲಿ ನಿಲ್ಲಿಸಿಕೊಂಡೇ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಕೀವಿಗೆ ದಾರಿ ಮಾಡಿಕೊಡುವುದು. ನಾಳವನ್ನೇ ಕತ್ತರಿಸಿ ತೆಗೆಯುವುದು ಕೊನೆಯ ಮಾತು.

ಎರಡೂ ಬದಿಯ ನಾಳಗಳು ಮುಚ್ಚಿದರೆ ಲೆಕ್ಕವೇ ಬೇರೆ. ತಲೆ, ಮೂತಿ ಊದಿಕೊಂಡು ಉಸಿರುಗಟ್ಟಬಹುದು. ಆಗ ನಾಳದ ಚಿಂತೆ ಬಿಟ್ಟು ಶ್ವಾಸನಾಳಕ್ಕೆ ರಂಧ್ರ ಮಾಡಲು ಸಿದ್ಧವಾಗಿರಬೇಕು.

ಈ ಕುದುರೆಯ ಮೊದಲ ಸ್ಕ್ಯಾನಿಂಗ್‌ನಲ್ಲಿ ಪೊಳ್ಳು ಇರಲಿಲ್ಲ. ಕ್ಯಾತಿಟರ್ ತೆಗೆದು ಬಿಸಿ ಶಾಖ ಕೊಡಿಸಿದೆ. ಮೂರನೆಯ ದಿನ ಜ್ವರ ಏರಿತು, ಹೆಪ್ಪಿನ ಕೆಳತುದಿಯಲ್ಲಿ ಸಣ್ಣ ಕಪ್ಪು ಪೊಳ್ಳು ಕಂಡಿತು. ಪ್ರಯೋಗಾಲಯದ ವರದಿ ನೋಡಿ ಆಂಟಿಬಯಾಟಿಕ್ ಬದಲಿಸಿದರೂ ಜ್ವರ ಇಳಿಯಲಿಲ್ಲ. ಅದನ್ನು ನಿಲ್ಲಿಸಿಕೊಂಡೇ ಎರಡು ಬೆರಳಗಲದ ಗಾಯ ಮಾಡಿ ಕೀವು ಹರಿಸಿದೆ, ನಾಳವನ್ನು ಉಳಿಸಿದೆ. ಲಾಯದ ಬಾಗಿಲಿಗೆ ದೊಡ್ಡ ಅಕ್ಷರದ ಚೀಟಿಯೊಂದನ್ನು ಅಂಟಿಸಿ ಬಂದೆ: "ಬಲಗಡೆಯ ನಾಳಕ್ಕೆ ಯಾರೂ ಸೂಜಿ ಚುಚ್ಚಬಾರದು."