ಕ್ವಾಂಟಮ್ ಗ್ರೂಪ್‌ಗಳ ರೆಪ್ರೆಸೆಂಟೇಶನ್ ಅಂದರೆ ಏನು?

ಹೆಸರಲ್ಲಿ ಗ್ರೂಪ್ ಇದ್ದರೂ ಕ್ವಾಂಟಮ್ ಗ್ರೂಪ್ ಅನ್ನುವುದು ಗ್ರೂಪ್ ಅಲ್ಲ, ಒಂದು ಆಲ್ಜೀಬ್ರಾ, ಅಂದರೆ ಕೂಡುವ, ಗುಣಿಸುವ ನಿಯಮಗಳಿರುವ ಒಂದು ರಚನೆ. ಅದರ ಜೊತೆ ಕ್ಯೂ ಅನ್ನುವ ಒಂದು ಸಂಖ್ಯೆ ಇರುತ್ತದೆ. ಕ್ಯೂ 1ರ ಹತ್ತಿರ ಬಂದಂತೆ ಗಣಿತದಲ್ಲಿ ಹಳೆಯದಾದ ಲೀ ಆಲ್ಜೀಬ್ರಾ (ತಿರುಗುವಿಕೆಯಂಥ ನಿರಂತರ ಸಮಮಿತಿಗಳನ್ನು ವಿವರಿಸುವಂಥದ್ದು) ವಾಪಸ್ ಸಿಗುತ್ತದೆ. ಇದರ ಮೊದಲ ಉದಾಹರಣೆ 1981ರಲ್ಲಿ ಲೆನಿನ್‌ಗ್ರಾಡ್‌ನ ಕುಲಿಶ್ ಮತ್ತು ರೆಶೆತಿಖಿನ್ ಅವರಿಗೆ ಭೌತಶಾಸ್ತ್ರದ ಲೆಕ್ಕದಲ್ಲೇ ಸಿಕ್ಕಿತ್ತು. 1985ರಲ್ಲಿ ಡ್ರಿನ್‌ಫೆಲ್ಡ್ ಮತ್ತು ಜಿಂಬೊ ಬೇರೆ ಬೇರೆಯಾಗಿ ಅದಕ್ಕೆ ಪೂರ್ತಿ ರೂಪ ಕೊಟ್ಟರು.

ಆಲ್ಜೀಬ್ರಾದ ನಿಯಮಗಳನ್ನೆಲ್ಲ ಪಾಲಿಸುವ ಮ್ಯಾಟ್ರಿಕ್ಸ್‌ಗಳನ್ನು ಹುಡುಕಿಕೊಟ್ಟರೆ ಅದೇ ರೆಪ್ರೆಸೆಂಟೇಶನ್. ಅತಿ ಚಿಕ್ಕ ಕ್ವಾಂಟಮ್ ಗ್ರೂಪ್‌ನಲ್ಲಿ ಇ, ಎಫ್, ಕೆ ಅನ್ನುವ ಮೂಲ ಘಟಕಗಳಿವೆ: ಇ ಒಂದು ಮೆಟ್ಟಿಲು ಹತ್ತಿಸುತ್ತದೆ, ಎಫ್ ಇಳಿಸುತ್ತದೆ, ಕೆ ನಾವು ಯಾವ ಮೆಟ್ಟಿಲಲ್ಲಿದ್ದೇವೆ ಅಂತ ತಿಳಿಸುತ್ತದೆ. ಈ ಮ್ಯಾಟ್ರಿಕ್ಸ್‌ಗಳಲ್ಲಿ 2 ಇದ್ದ ಕಡೆ ಕ್ಯೂ + 1/ಕ್ಯೂ ಬಂದು ಕೂರುತ್ತದೆ. 3 ಇದ್ದ ಕಡೆ ಕ್ಯೂ² + 1 + 1/ಕ್ಯೂ². ಕ್ಯೂ ಜಾಗದಲ್ಲಿ 1 ಹಾಕಿ ನೋಡಿ, ಹಳೆಯ 2, 3 ಸಿಗುತ್ತವೆ.

ಇನ್ನಷ್ಟು ಚಿಕ್ಕದಾಗಿ ಒಡೆಯಲಾಗದ ಮೂಲ ರೆಪ್ರೆಸೆಂಟೇಶನ್‌ಗಳ ಪಟ್ಟಿ ಹೊಸದಿರಬೇಕು ಅಂತ ಅನಿಸುತ್ತದೆ, ಅಲ್ವಾ? ಸಾಮಾನ್ಯ ಕ್ಯೂಗೆ ಅದು ಹೆಚ್ಚುಕಡಿಮೆ ಹಳೆಯ ಪಟ್ಟಿಯೇ. ಪ್ರತಿ ಆಯಾಮಕ್ಕೂ (ಮ್ಯಾಟ್ರಿಕ್ಸ್‌ನ ಗಾತ್ರಕ್ಕೂ) ಒಂದು, ಜೊತೆಗೆ ಚಿಹ್ನೆ ಬದಲಾದ ಅದರ ಜೋಡಿ, ಅಷ್ಟೇ.

ನನ್ನ ಪ್ರಕಾರ ನಿಜವಾದ ಸ್ವಾರಸ್ಯ ಇರುವುದು ಎರಡು ರೆಪ್ರೆಸೆಂಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ಟೆನ್ಸರ್ ಗುಣಲಬ್ಧ ಮಾಡಿದಾಗ, ಅಂದರೆ ಎರಡನ್ನೂ ಸೇರಿಸಿ ಒಂದು ದೊಡ್ಡ ರೆಪ್ರೆಸೆಂಟೇಶನ್ ಕಟ್ಟಿದಾಗ. ಲೀ ಆಲ್ಜೀಬ್ರಾದಲ್ಲಿ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಸುಮ್ನೆ ಅದಲುಬದಲು ಮಾಡಬಹುದು. ಇಲ್ಲಿ ಇ ಮತ್ತು ಎಫ್ ಎಡ, ಬಲಗಳನ್ನು ಒಂದೇ ಥರ ನೋಡುವುದಿಲ್ಲ. ಹಾಗಾಗಿ ಬರೀ ಅದಲುಬದಲು ನಿಯಮ ಮುರಿಯುತ್ತದೆ. ಅದನ್ನು ಸರಿಮಾಡಲು ಅದಲುಬದಲಿನ ಜೊತೆ ಆರ್-ಮ್ಯಾಟ್ರಿಕ್ಸ್ ಅನ್ನುವ ತಿದ್ದುಪಡಿ ಮ್ಯಾಟ್ರಿಕ್ಸ್ ಬೇಕು. ತಮಾಷೆ ಅಂದರೆ, ಹೀಗೆ ಎರಡು ಸಲ ಅದಲುಬದಲು ಮಾಡಿದರೂ ಹೊರಟ ಜಾಗಕ್ಕೆ ಬರುವುದಿಲ್ಲ. ಜಡೆ ಹೆಣೆಯುವಾಗ ಎಡಗಡೆ ಇರುವ ಎಳೆಯನ್ನು ಬಲಗಡೆಯದರ ಮೇಲೆ ಹಾಯಿಸಿ, ಆಮೇಲೆ ಈಗ ಎಡಕ್ಕೆ ಬಂದಿರುವುದನ್ನೂ ಹಾಗೇ ಹಾಯಿಸಿದರೆ ಅವು ತಮ್ಮ ಜಾಗಕ್ಕೆ ಮರಳುತ್ತವೆ, ಆದರೆ ಸುತ್ತಿಕೊಂಡೇ ಇರುತ್ತವೆ. ಇದೂ ಹಾಗೇ. ಮೂರು ಎಳೆಗಳಿದ್ದಾಗ ಯಾವ ಕ್ರಮದಲ್ಲಿ ಹಾಯಿಸಿದರೂ ಲೆಕ್ಕ ಒಂದೇ ಬರುವಂತೆ ನೋಡಿಕೊಳ್ಳುವುದು ಯಾಂಗ್–ಬ್ಯಾಕ್ಸ್‌ಟರ್ ಸಮೀಕರಣ.

ಎಳೆಗಳ ತುದಿ ಕಟ್ಟಿದರೆ ಗಂಟು! ವಾನ್ ಜೋನ್ಸ್ 1984ರಲ್ಲಿ ಬೇರೆಯೇ ದಾರಿಯಲ್ಲಿ ಕಂಡುಕೊಂಡ ಬಹುಪದೋಕ್ತಿ (ಗಂಟುಗಳನ್ನು ಒಂದರಿಂದ ಒಂದು ಬೇರೆ ಎಂದು ಗುರುತಿಸಲು ನೆರವಾಗುವ ಸೂತ್ರ), ಈ ಚಿಕ್ಕ ಕ್ವಾಂಟಮ್ ಗ್ರೂಪ್‌ನ 2 ಆಯಾಮದ ರೆಪ್ರೆಸೆಂಟೇಶನ್‌ನಿಂದಲೂ ಹೊರಬರುತ್ತದೆ. ಡ್ರಿನ್‌ಫೆಲ್ಡ್ ಮತ್ತು ಜೋನ್ಸ್ ಇಬ್ಬರಿಗೂ 1990ರಲ್ಲಿ ಫೀಲ್ಡ್ಸ್ ಪದಕ ಬಂತು.

ಕ್ಯೂ ಬೆಲೆ ಆರಿಸುವಾಗ ಮಾತ್ರ ಹುಷಾರು. ಕ್ಯೂ² = −1 ಆದರೆ ಕ್ಯೂ + 1/ಕ್ಯೂ ಸೊನ್ನೆ. ಅಂದರೆ 2ರ ಜಾಗದಲ್ಲಿ ಸೊನ್ನೆ! ಇಂಥ ಕಡೆ, ರೆಪ್ರೆಸೆಂಟೇಶನ್‌ಗಳು ಮೂಲ ತುಂಡುಗಳಾಗಿ ಚೊಕ್ಕಟವಾಗಿ ಒಡೆಯುತ್ತವೆ ಅನ್ನುವ ನಂಬಿಕೆ ಕೈಕೊಡುತ್ತದೆ. ಕ್ಯೂವನ್ನು ಸೊನ್ನೆಯತ್ತ ಒಯ್ದರೆ ಕತೆ ಉಲ್ಟಾ, ಎಲ್ಲ ಸರಳವಾಗುತ್ತದೆ. ಮ್ಯಾಟ್ರಿಕ್ಸ್ ಹೋಗಿ ಚುಕ್ಕಿ, ಬಾಣಗಳ ಚಿತ್ರ ಉಳಿಯುತ್ತದೆ. ಅದನ್ನು ಕ್ರಿಸ್ಟಲ್ ಅಂತ ಕರೆದವರು ಮಸಾಕಿ ಕಾಶಿವಾರ, 2025ರ ಏಬೆಲ್ ಪ್ರಶಸ್ತಿ ಪಡೆದವರು. ಟೆನ್ಸರ್ ಗುಣಲಬ್ಧದಲ್ಲಿ ಯಾವ ತುಂಡು ಎಷ್ಟು ಸಲ ಬರುತ್ತದೆ ಎಂಬುದನ್ನು ಆ ಚಿತ್ರದಲ್ಲಿ ಎಣಿಸಿಯೇ ಹೇಳಬಹುದು.