ತಲೆ ಮೇಲಿನ ಬೆಳ್ಳಿ, ಕುಸುರಿಯ ಬೆಂಕಿ

ಆರ್ಮೇನಿಯನ್ನರ ಸ್ಯೂನಿಕ್, ಆರ್ತ್ಸಾಖ್ ಕಡೆ ಹಿಂದೆ ಮದುವೆಯಾದ ಹೆಂಗಸರು ತಲೆಗೆ ಗಟ್ಟಿ ಬಟ್ಟೆಯ ಎತ್ತರದ ಪಟ್ಟಿ ಕಟ್ಟಿ, ಹಣೆ ಮೇಲೆ ಬೆಳ್ಳಿ ನಾಣ್ಯಗಳ ಸಾಲು ಇಳಿಬಿಡುತ್ತಿದ್ದರು. ಆರ್ಮೇನಿಯನ್ನರ ಪಶ್ಚಿಮದ ಊರುಗಳಲ್ಲಿ ಟೋಪಿಯ ನೆತ್ತಿಗೆ ಬೆಳ್ಳಿ ಬಿಲ್ಲೆ ಹೊಲಿಯುವ ರೂಢಿಯಿತ್ತು.

ತಲೆ ಮೇಲೆ ಹೊರಬೇಕು ಅಂದಮೇಲೆ ತೂಕ ನೋಡಬೇಕು, ಅಲ್ವಾ? ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ಭಾರ. ಒಡವೆ ಅಗಲವಾಗಿರಬೇಕು, ಹಗುರವಾಗಿಯೂ ಇರಬೇಕು ಅಂದರೆ ತಂತಿ ಕುಸುರಿಗಿಂತ, ಅಂದರೆ ಸಣ್ಣ ಬೆಳ್ಳಿ ತಂತಿಯನ್ನು ಸುತ್ತಿ ಬೆಸೆದು ಮಾಡುವ ಜಾಲಿ ಕೆಲಸಕ್ಕಿಂತ, ಒಳ್ಳೆ ದಾರಿ ನನಗಂತೂ ಕಾಣದು. 1 ಗ್ರಾಂ ಬೆಳ್ಳಿಯನ್ನು 0.25 ಮಿಲಿಮೀಟರ್ ದಪ್ಪಕ್ಕೆ ಎಳೆದರೆ ಹತ್ತಿರ ಹತ್ತಿರ 2 ಮೀಟರ್ ತಂತಿ ಸಿಗುತ್ತದೆ.

ಎಳೆಯುವುದು ಸುಮ್ನೆ ಆಗುವ ಕೆಲಸವಲ್ಲ. ಉಕ್ಕಿನ ಪಟ್ಟಿಯಲ್ಲಿ ಒಂದಕ್ಕಿಂತ ಒಂದು ಸಣ್ಣ ತೂತುಗಳಿರುತ್ತವೆ. ಒಂದೊಂದನ್ನು ದಾಟಿದಾಗಲೂ ಬೆಳ್ಳಿ ಬಿರುಸಾಗುತ್ತದೆ. ಮಂದ ಕೆಂಪಾಗುವಷ್ಟು ಕಾಯಿಸಿದರೆ ಒಳಗೆ ಹೊಸ ಹರಳುಗಳು ಬೆಳೆದು ತಂತಿ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಎರಡು ಎಳೆ ಹೊಸೆದು, ಚಪ್ಪಟೆ ಮಾಡಿ, ಚಿಮಟದಲ್ಲಿ ಸುರುಳಿ ಸುತ್ತಿ ಚೌಕಟ್ಟಿನೊಳಗೆ ಕೂರಿಸುತ್ತಾರೆ. ಕುಸುರಿಯ ಅಂಚು ಸಾಸಿವೆ ಪೋಣಿಸಿದಂತೆ ಮಿನುಗುವುದು ಈ ಹೊಸೆತದಿಂದಲೇ.

ನಿಜವಾದ ಪರೀಕ್ಷೆ ಬೆಸುಗೆಯದು. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085ರಲ್ಲಿ. ಎರಡನ್ನೂ ತೂಕದಲ್ಲಿ 72ಕ್ಕೆ 28ರಂತೆ ಬೆರೆಸಿ ನೋಡಿ, 779ಕ್ಕೇ ಕರಗಿಬಿಡುತ್ತದೆ! ಒಡವೆ ಹಾಗೇ ಉಳಿದು ಬೆಸುಗೆ ಮಾತ್ರ ಹರಿಯಲು ಈ ವ್ಯತ್ಯಾಸವೇ ಕಾರಣ. ಇಂಥ ಮಿಶ್ರಣವನ್ನು ಅರದಲ್ಲಿ ಪುಡಿಮಾಡಿ, ಬಿಳಿಗಾರದ ಜೊತೆ ಸುರುಳಿಗಳ ಮೇಲೆ ಉದುರಿಸಿ ಉರಿ ಹಾಯಿಸುತ್ತಾರೆ. ಬಿಳಿಗಾರ ಕರಗಿ ಹರಡಿ ಗಾಳಿಯನ್ನು ದೂರ ಇಡುತ್ತದೆ. ಬೆಸುಗೆ ತಾನಾಗಿಯೇ ಸಂದಿಗಳಿಗೆ ಇಳಿಯುತ್ತದೆ. ಉರಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಸಣ್ಣ ತಂತಿಯೂ ಕರಗಿ, ಮೇಲ್ಮೈ ಎಳೆತಕ್ಕೆ ಉಂಡೆಯಾಗುತ್ತದೆ. ಕೆಲಸ ಕೆಟ್ಟಿತು. ಆದರೆ ಕುಸುರಿಯ ನಡುವೆ ಕೂರುವ ಪುಟ್ಟ ಬೆಳ್ಳಿ ಗುಂಡುಗಳನ್ನು ಮಾಡುವುದೂ ಹೀಗೇ, ತಂತಿಯ ಚೂರುಗಳನ್ನು ಬೇಕೆಂದೇ ಕರಗಿಸಿ. ಕೆಡಿಸುವ ಗುಣವನ್ನೇ ಹೀಗೆ ದುಡಿಸಿಕೊಂಡ ಜಾಣ್ಮೆ ನನಗೆ ತುಂಬಾ ಇಷ್ಟ.

1828–29ರ ರಷ್ಯಾ-ತುರ್ಕಿ ಯುದ್ಧದ ನಂತರ ಕಾರಿನ್, ಅಂದರೆ ಇಂದಿನ ತುರ್ಕಿಯ ಎರ್ಜುರುಮ್‌ನಿಂದ ಆರ್ಮೇನಿಯನ್ನರು ದೊಡ್ಡ ಸಂಖ್ಯೆಯಲ್ಲಿ ಇಂದಿನ ಆರ್ಮೇನಿಯಾದ ಗ್ಯುಮ್ರಿಗೂ ಜಾರ್ಜಿಯಾದ ಅಖಲ್ತ್ಸಿಖೆಗೂ ವಲಸೆ ಹೋದರು. ಅವರಲ್ಲಿ ಅಕ್ಕಸಾಲಿಗರೂ ಇದ್ದರು. ಕಾರಿನ್, ವಾನ್‌ಗಳಲ್ಲಿ ಉಳಿದವರ ಬದುಕನ್ನು ಒಟ್ಟೋಮನ್ ತುರ್ಕಿಯಲ್ಲಿ ನಡೆದ 1915ರ ಆರ್ಮೇನಿಯನ್ನರ ನರಮೇಧ ನಾಶಮಾಡಿತು. ಹಾಗಾಗಿ ಉಳಿದಿರುವ ಒಂದೊಂದು ಹಳೆ ಒಡವೆಯೂ ಅಮೂಲ್ಯ.

ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಅವು ಕಪ್ಪಾಗುತ್ತವೆ. ಸಾದಾ ಬೆಳ್ಳಿಯಾದರೆ ತಿಕ್ಕಬಹುದು. ಕುಸುರಿಯನ್ನು ಪದೇ ಪದೇ ತಿಕ್ಕಿದರೆ ಹೊಸೆದ ಅಂಚೇ ಸವೆದುಹೋಗುತ್ತದೆ. ಕಪ್ಪಾಗದಂತೆ ಮೊದಲೇ ನೋಡಿಕೊಳ್ಳುವುದೇ ಮೇಲು: ಗಾಳಿಯಾಡದ ಪೆಟ್ಟಿಗೆ, ಒಳಗೆ ಗಂಧಕ ಹೀರುವ ಇದ್ದಿಲು.