ಪೂರ್ವಾನ್ವಯ ಎಂದರೆ ಶಿಕ್ಷೆ ಕಡಿತವಲ್ಲ

ಡೋಪಿಂಗ್ ತೀರ್ಪು ಬಂದಾಗಲೆಲ್ಲ ‘ನಿಷೇಧ ಪೂರ್ವಾನ್ವಯ’ ಎಂದಿದ್ದುದನ್ನು ‘ಶಿಕ್ಷೆ ಕಡಿತ’ ಎಂದು ಓದಿಕೊಳ್ಳುವ ಚಾಳಿ ಮುಂಬೈ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಜೋರಾಗಿದೆ. ಕಡಿತವಾದರೆ ಅವಧಿಯೇ ಕಮ್ಮಿಯಾಗುತ್ತದೆ. ಪೂರ್ವಾನ್ವಯದಲ್ಲಿ ಅವಧಿ ಇದ್ದಷ್ಟೇ ಇರುತ್ತದೆ, ಎಣಿಕೆ ಶುರುವಾಗುವ ತಾರೀಖು ಮಾತ್ರ ಹಿಂದಕ್ಕೆ ಸರಿಯುತ್ತದೆ. ವೇತನ ಪರಿಷ್ಕರಣೆಯ ಅರಿಯರ್ಸ್ ಎಣಿಸಿಕೊಂಡ ಡೊಂಬಿವಲಿಯ ಬ್ಯಾಂಕ್ ನೌಕರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬರಬಾರದು.

ನಮ್ಮ ವಿರಾರ್‌ನ ಕ್ರಿಕೆಟಿಗ ಪೃಥ್ವಿ ಶಾ ಪ್ರಕರಣದಲ್ಲಿ ಕಡಿತವೂ ಇತ್ತು, ಪೂರ್ವಾನ್ವಯವೂ ಇತ್ತು. ಗೊಂದಲ ಹುಟ್ಟಿದ್ದೇ ಅಲ್ಲಿ. 2019ರ ಫೆಬ್ರವರಿ 22ರಂದು ಇಂದೋರ್‌ನಲ್ಲಿ, ಸಯ್ಯದ್ ಮುಷ್ತಾಕ್ ಅಲಿ ಟೂರ್ನಿಯ ವೇಳೆ ಕೊಟ್ಟ ಮೂತ್ರದಲ್ಲಿ ಟರ್ಬ್ಯುಟಲಿನ್ ಎಂಬ ನಿಷೇಧಿತ ಔಷಧಿ ಸಿಕ್ಕಿತು. ಕೆಮ್ಮಿನ ಸಿರಪ್‌ನಿಂದ ಬಂದದ್ದೆಂಬ ವಿವರಣೆಯನ್ನು ಬಿಸಿಸಿಐ ಒಪ್ಪಿತು. (ಆಜಾದ್ ಮೈದಾನದಲ್ಲಿ ಆಡುವ ಮಕ್ಕಳ ಪಾಲಕರು ಬಾಟಲಿಯ ಮುಂದಿನ ಬ್ರಾಂಡ್ ಹೆಸರನ್ನಲ್ಲ, ಹಿಂದಿನ ಸಣ್ಣಕ್ಷರವನ್ನು ಓದಬೇಕು. ಈ ಔಷಧಿ ಇರುವ ಸಿರಪ್ ಎಲ್ಲ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ.) ಇಂಥ ಪದಾರ್ಥಕ್ಕೆ, ಬೇಕೆಂದೇ ತೆಗೆದುಕೊಂಡದ್ದಲ್ಲದಿದ್ದರೂ, 2 ವರ್ಷದವರೆಗೆ ನಿಷೇಧ ಬೀಳಬಹುದು. ಅದು 8 ತಿಂಗಳಿಗೆ ಇಳಿದದ್ದು ಕಡಿತ. ಆ 8 ತಿಂಗಳನ್ನು ಮಾರ್ಚ್ 16ರಿಂದ ನವೆಂಬರ್ 15ರವರೆಗೆ ಎಂದು ಎಣಿಸಿದ್ದು ಪೂರ್ವಾನ್ವಯ. ತೀರ್ಪು ಹೊರಬಿದ್ದದ್ದು ಜುಲೈ 30ಕ್ಕೆ.

ಹಾಗಾದರೆ ಮಾರ್ಚ್ 30ರಂದು ದೆಹಲಿಯಲ್ಲಿ ಐಪಿಎಲ್ ಪಂದ್ಯದಲ್ಲಿ ಕೋಲ್ಕತ್ತಾ ವಿರುದ್ಧ ಆತ ಬಾರಿಸಿದ 99? ಕಾಗದದ ಲೆಕ್ಕದಲ್ಲಿ ಆ ದಿನ ಆತ ನಿಷೇಧದಲ್ಲಿದ್ದ. ಇದನ್ನು ಹಿಡಿದುಕೊಂಡು ‘ಐಪಿಎಲ್ ಆಡಿಸಲೆಂದೇ ಮಾಡಿದ್ದು’ ಅನ್ನುವವರು ನಿಯಮದ ಅರ್ಧವನ್ನಷ್ಟೇ ಓದಿದ್ದಾರೆ. ಆರೋಪ ಬಂದೊಡನೆ ಒಪ್ಪಿಕೊಂಡರೆ, ಆಗಿನ ನಿಯಮದಲ್ಲಿ, ಎಣಿಕೆಯನ್ನು ಮಾದರಿ ಕೊಟ್ಟ ದಿನದವರೆಗೂ ಹಿಂದಕ್ಕೆ ಒಯ್ಯಬಹುದಿತ್ತು. ಆದರೆ ಅರ್ಧ ಶಿಕ್ಷೆಯನ್ನಾದರೂ ನಿಜವಾಗಿ ಹೊರಗೆ ಕೂತೇ ಕಳೆಯಬೇಕಿತ್ತು. ತಾತ್ಕಾಲಿಕ ಅಮಾನತು ಆದದ್ದು ಜುಲೈ 16ಕ್ಕೆ. ಅಲ್ಲಿಂದ ನವೆಂಬರ್ 15ಕ್ಕೆ ಸರಿಯಾಗಿ ನಾಲ್ಕು ತಿಂಗಳು. ಉಳಿದ ನಾಲ್ಕು ತಿಂಗಳನ್ನು ಜುಲೈ 16ರಿಂದ ಹಿಂದಕ್ಕೆ ಎಣಿಸಿದರೆ ಆ ಮಾರ್ಚ್ 16 ಬರುತ್ತದೆ.

ಎಣಿಕೆ ಹಿಂದಕ್ಕೆ ಹೋಗಲು ಇನ್ನೊಂದು ಕಾರಣವೂ ಇದೆ: ಆಟಗಾರನ ತಪ್ಪಿಲ್ಲದೆ ವಿಚಾರಣೆ ಎಳೆದಾಡಿದ್ದರೆ. ತಾತ್ಕಾಲಿಕ ಅಮಾನತಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಗೆ ಜಮಾ ಮಾಡಿಕೊಳ್ಳುವುದು ಇವೆರಡಕ್ಕಿಂತ ಬೇರೆ ಬಾಬತ್ತು. ಅದನ್ನೂ ಕಡಿತ ಅನ್ನುತ್ತಾರೆ, ಏನು ಮಾಡೋಣ.

ಆಸ್ಟ್ರೇಲಿಯಾದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನ 34 ಆಟಗಾರರ ತೀರ್ಪಿನಲ್ಲಿ ಈ ಲೆಕ್ಕ ವಿಚಿತ್ರವಾಗಿ ಕಾಣುತ್ತದೆ. 2012ರಲ್ಲಿ ಅವರಿಗೆ ಥೈಮೋಸಿನ್ ಬೀಟಾ-4 ಎಂಬ ನಿಷೇಧಿತ ಪದಾರ್ಥ ಚುಚ್ಚಲಾಗಿತ್ತೆಂಬ ಆರೋಪ. ಪಾಸಿಟಿವ್ ಬಂದ ಟೆಸ್ಟ್ ಒಂದೂ ಇಲ್ಲ. 2015ರ ಮಾರ್ಚ್ 31ರಂದು ಅವರು ಆಡುವ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ನ್ಯಾಯಮಂಡಳಿ ಎಲ್ಲರನ್ನೂ ಬಿಟ್ಟಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಮೇಲ್ಮನವಿ ಹಾಕಿತು. 2016ರ ಜನವರಿ 12ರಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2 ವರ್ಷ ವಿಧಿಸಿ, ಎಣಿಕೆಯನ್ನು 2015ರ ಮಾರ್ಚ್ 31ರಿಂದಲೇ ಹಿಡಿಯಿತು, ಅಂದರೆ ಖುಲಾಸೆಯಾದ ದಿನದಿಂದಲೇ! ತಾತ್ಕಾಲಿಕ ಅಮಾನತಿನ ದಿನಗಳೂ ಜಮಾ ಆಗಿ ಬಹುತೇಕರ ನಿಷೇಧ 2016ರ ನವೆಂಬರ್‌ಗೆ ಮುಗಿಯಿತು. ತಪ್ಪಿದ್ದು 2016ರ ಸೀಸನ್ ಒಂದೇ. ಆದರೂ ಶಿಕ್ಷೆ 2 ವರ್ಷವೇ, ‘1 ವರ್ಷಕ್ಕೆ ಇಳಿಕೆ’ ಅಲ್ಲ.

ಆ 34 ಮಂದಿಯಲ್ಲಿ ಒಬ್ಬರಾದ ಜೋಬ್ ವಾಟ್ಸನ್ 2012ರಲ್ಲಿ ಗೆದ್ದ, ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಕೈತಪ್ಪಿದ್ದನ್ನೂ ಪೂರ್ವಾನ್ವಯದ ಖಾತೆಗೆ ಬರೆಯುವವರಿದ್ದಾರೆ. 2015ರಲ್ಲಿ ಶುರುವಾಗುವ ಎಣಿಕೆ 2012ರ ಪದಕವನ್ನು ಮುಟ್ಟುವುದು ಹೇಗೆ? ಅದು ಲೀಗಿನ ಆಯೋಗದ ಪ್ರತ್ಯೇಕ ನಿರ್ಧಾರಕ್ಕೆ ಸೇರಿದ ವಿಷಯ. ಆಯೋಗ ತೀರ್ಮಾನಿಸುವ ಮೊದಲೇ, 2016ರ ನವೆಂಬರ್‌ನಲ್ಲಿ, ವಾಟ್ಸನ್ ತಾವಾಗಿ ಪದಕ ಬಿಟ್ಟುಕೊಟ್ಟರು. ಅದು ಆ ವರ್ಷ ಎರಡನೆಯ ಸ್ಥಾನ ಹಂಚಿಕೊಂಡಿದ್ದ ಟ್ರೆಂಟ್ ಕಾಚಿನ್ ಮತ್ತು ಸ್ಯಾಮ್ ಮಿಚೆಲ್ ಅವರ ಪಾಲಾಯಿತು.